ಪಾಲಾರಿವಟ್ಟದಲ್ಲಿ ಮಾಡಿದ ಇಂಗ್ಲೆಂಡ್ ಬ್ಯಾಟರಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಬೇರೆ ಏನು ಬರೆಯುವುದಿದ್ದರೂ ಇದನ್ನು ಬರೆದ ಮೇಲೆಯೇ. ಮೊನ್ನೆ ಬೆಳಿಗ್ಗೆ, ತಿರುವನಂತಪುರದ ಉಳ್ಳೂರಿನಲ್ಲಿ, ತಲೆ ತುಂಬ ಕೂದಲು ಇಟ್ಟುಕೊಂಡೇ ಬಂದಳು. ನರ್ಸು ಹೊರಗೆ ಬಂದು "ಅಮ್ಮೂಮ್ಮ ಯಾರು" ಎಂದು, ಎಂದರೆ ಅಜ್ಜಿ ಯಾರು ಎಂದು, ಮಲಯಾಳಂನಲ್ಲಿ ಕೇಳಿದಾಗ ನಾನು ಎದ್ದು ನಿಂತೆ. ಅವಳು ನನ್ನನ್ನು ದಾಟಿ ಹಿಂದೆ ಯಾರಾದರೂ ಮುದುಕಿ ಇದ್ದಾರೋ ಎಂದು ನೋಡಿದಳು. ನನಗೆ ನಲವತ್ತಮೂರು. ಹದಿನೆಂಟಕ್ಕೆ ಮದುವೆ ಮಾಡಿದರೆ ಹೀಗೇ, ಎಲ್ಲ ಬೇಗ ಬೇಗ ಸಿಗುತ್ತದೆ. ಮೂರು ದಿನದಿಂದ ಕಂಡವರಿಗೆಲ್ಲ ಹೇಳುತ್ತಿದ್ದೇನೆ, ಆಟೋದವನಿಗೂ, ಔಷಧಿ ಅಂಗಡಿಯವಳಿಗೂ. ಈಗ ನಿಮಗೂ ಹೇಳಿದೆ.

ಇಷ್ಟು ಸಂತೋಷ ನನಗೆ ಇದಕ್ಕೆ ಮೊದಲು ಒಂದೇ ಒಂದು ಸಲ ಆದದ್ದು. ಅದೂ ಇದೇ ತಿರುವನಂತಪುರದಲ್ಲಿ, ನನಗೆ ಹನ್ನೊಂದು ವರ್ಷ ಆಗಿದ್ದಾಗ, ಒಬ್ಬ ದೊಡ್ಡ ಮನುಷ್ಯರ ಕಾರಿನಿಂದ ಹೊಗೆ ಬಂದ ದಿನ. ಮಗು ಮಲಗಿದೆ, ಮಗಳೂ ಮಲಗಿದ್ದಾಳೆ, ಅದನ್ನು ಬರೆದುಬಿಡುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸಿನ ತನಕ, ಅದೂ ಮಲಯಾಳಂ ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ನನ್ನ ಅಜ್ಜಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆಸಿ. ತಪ್ಪು ಕಂಡರೆ ಅಜ್ಜಿಯನ್ನು ಬೈಯಿರಿ. ಅವರು ಈಗ ಉತ್ತರ ಕೊಡುವ ಜಾಗದಲ್ಲಿ ಇಲ್ಲ.

ತೊಂಬತ್ತರ ಆ ವರ್ಷಗಳ ಕೊಚ್ಚಿಯಲ್ಲಿ ಬ್ಯಾಟರಿ ಎಂದರೆ ಎಸೆಯುವ ವಸ್ತು ಆಗಿರಲಿಲ್ಲ. ಸತ್ತ ಬ್ಯಾಟರಿಯನ್ನು ಬಿಚ್ಚಿ, ಒಳಗಿನ ಸೀಸದ ಪ್ಲೇಟು ಬದಲಿಸಿ, ಮತ್ತೆ ಜೀವ ಬರಿಸುವವರು ಇದ್ದರು. ನನ್ನ ಅಪ್ಪ ಅಂಥವರು. ನಮ್ಮದು ಕಾಸರಗೋಡಿನ ಕಡೆಯ ಕುಂಬಳೆ. ಅಪ್ಪ ಮಂಗಳೂರಿನಲ್ಲಿ ಕೆಲಸ ಕಲಿತು, ಯಾರದೋ ಮಾತು ಕೇಳಿ ಕೊಚ್ಚಿಗೆ ಬಂದು, ಪಾಲಾರಿವಟ್ಟದ ಜಂಕ್ಷನ್ನಿನ ಹತ್ತಿರ ಸಣ್ಣ ಅಂಗಡಿ ಹಾಕಿದ್ದರು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ಆಚೆಯಿಂದ ಆಸಿಡ್ಡಿನ ಹುಳಿ ವಾಸನೆ, ಕಾಯಿಸಿದ ಟಾರಿನ ವಾಸನೆ. ಈಚೆಯಿಂದ ಅಮ್ಮನ ಬೆಳ್ಳುಳ್ಳಿ ಒಗ್ಗರಣೆ. ಮೂರೂ ಸೇರಿದ ಗಾಳಿಯನ್ನೇ ನಾನು ಕುಡಿದು ಬೆಳೆದದ್ದು.

ಆಸಿಡ್ ಹಾರಿ ಹಾರಿ ನಮ್ಮ ಬಟ್ಟೆಗಳಲ್ಲೆಲ್ಲ ತೂತು. ಶಾಲೆಯಲ್ಲಿ ನನ್ನನ್ನು 'ಅರಿಪ್ಪ' ಎಂದು ಕರೆಯುತ್ತಿದ್ದರು. ಮಲಯಾಳಂನಲ್ಲಿ ಹಾಗೆಂದರೆ ಜರಡಿ. ಆದರೆ ಅವರ ಯಾರ ಮನೆಯಲ್ಲೂ ನನ್ನ ಆಟ ಇರಲಿಲ್ಲ. ಅಪ್ಪ ಸೀಸ ಕರಗಿಸುವಾಗ ಕೊನೆಗೆ ಉಳಿದ ಒಂದು ಚಮಚವನ್ನು ಬಕೆಟ್ಟಿನ ನೀರಿಗೆ ಹೊಯ್ಯುತ್ತಿದ್ದರು. ಚುಂಯ್ ಎಂದು ಅದು ಒಂದೊಂದು ಸಲ ಒಂದೊಂದು ಆಕಾರ ಆಗುತ್ತಿತ್ತು. "ಇದೆಂತ ಹೇಳು," ಎನ್ನುತ್ತಿದ್ದರು. ನಾನು ಕೋಳಿ ಎಂದರೆ ಅವರು ದೋಣಿ ಎನ್ನುತ್ತಿದ್ದರು. ಅಮ್ಮ ಬಂದು ನೋಡಿ, "ಕೋಳಿಯೂ ಅಲ್ಲ, ದೋಣಿಯೂ ಅಲ್ಲ, ಊಟ ತಣ್ಣಗಾಯ್ತು," ಎನ್ನುತ್ತಿದ್ದರು.

ಅಷ್ಟರಲ್ಲಿ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗಳು ಬಂದವು. ಹಾಳಾದರೆ ಹೊಸದು ತರುವುದು, ಬಿಚ್ಚುವುದೇ ಇಲ್ಲ. ಅಪ್ಪನಿಗೆ ಕೆಲಸ ಕಡಿಮೆಯಾಯಿತು. ಬೆಂಚಿನ ಮೇಲೆ ಕೂತು ಟೆರ್ಮಿನಲ್ಲುಗಳನ್ನು ಸುಮ್ಮನೆ ಉಜ್ಜುತ್ತಿದ್ದರು.

ಆ ಬೇಸಿಗೆ ರಜೆಯ ಮೊದಲ ವಾರ ತ್ರಿಪ್ಪುಣಿತ್ತುರದಿಂದ ಒಬ್ಬರು ಬಂದರು. ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಇದ್ದಾರೆ, ಅವರೇನೂ ತಪ್ಪು ಮಾಡಿಲ್ಲ. ಎಲ್ಲರೂ ಅವರನ್ನು ಮುದಲಾಳಿ, ಎಂದರೆ ಯಜಮಾನ, ಎನ್ನುತ್ತಿದ್ದರು. ಅವರ ಹತ್ತಿರ ತಂದೆಯ ಕಾಲದ ಇಂಗ್ಲೆಂಡಿನ ಕಾರು ಇತ್ತು. ನಾಲ್ಕು ವರ್ಷ ಕೂತು ಅದನ್ನು ಮೊದಲಿದ್ದ ಹಾಗೇ ಮಾಡಿಸಿದ್ದರು. ರಜೆ ಮುಗಿಯುವ ಮೊದಲು ತಿರುವನಂತಪುರದಲ್ಲಿ ಹಳೆ ಕಾರುಗಳ ಪ್ರದರ್ಶನ ಇತ್ತು.

"ಜಡ್ಜು ಬಾನೆಟ್ ಎತ್ತಿ ನೋಡ್ತಾರೆ," ಎಂದರು ಮುದಲಾಳಿ. "ಒಳಗೆ ಈ ಬಿಳಿ ಪ್ಲಾಸ್ಟಿಕ್ ಡಬ್ಬಿ ಕಂಡರೆ ಮುಗಿಯಿತು. ಮದುಮಗಳಿಗೆ ಹವಾಯಿ ಚಪ್ಪಲಿ ಹಾಕಿದ ಹಾಗೆ."

"ಕಪ್ಪು ಗಟ್ಟಿ ರಬ್ಬರಿನ ಪೆಟ್ಟಿಗೆ, ಮೇಲೆ ಟಾರು, ಟಾರಿನ ಮೇಲೆ ಸೀಸದ ಪಟ್ಟಿ ಕಾಣಬೇಕು," ಎಂದರು ಅಪ್ಪ. "ಮೂರು ಸೆಲ್ಲು, ಆರು ವೋಲ್ಟು. ಅದೇ ಅಲ್ವಾ ಸಾರ್?"

"ಅದೇ. ಮದ್ರಾಸಿನಲ್ಲಿ ಹುಡುಕಿಸಿದೆ, ಬೊಂಬಾಯಿಯಲ್ಲಿ ಹುಡುಕಿಸಿದೆ. ಇಲ್ಲ."

"ಖಾಲಿ ಪೆಟ್ಟಿಗೆ ಒಂದು ಸಿಕ್ಕಿದರೆ ಸಾಕು. ಒಳಗಿನದ್ದು, ಮೇಲಿನದ್ದು ನಾನು ಮಾಡ್ತೇನೆ."

ಮುದಲಾಳಿ ಅಪ್ಪನನ್ನು ಮೊದಲ ಸಲ ಸರಿಯಾಗಿ ನೋಡಿದರು. "ನೀನು ಮಾಡಿಕೊಟ್ಟರೆ ಕಾರಿನ ಮುಂದಿನ ಬೋರ್ಡಿನಲ್ಲಿ ನಿನ್ನ ಹೆಸರು ಹಾಕಿಸ್ತೇನೆ. ಬಣ್ಣ ಹೊಡೆದವನದ್ದು, ಸೀಟು ಹೊಲಿದವನದ್ದು ಎಲ್ಲ ಇರ್ತದೆ. ಹಳೆ ಕಾರು ಇಟ್ಟುಕೊಂಡವರೆಲ್ಲ ಬಂದು ಓದ್ತಾರೆ."

ಅಪ್ಪನಿಗೆ ಬೇಕಾದ್ದು ಅದೇ ಆಗಿತ್ತು. ಹಳೆ ಕಾರಿನವರು ನಾಲ್ಕು ಜನ ಆ ಹೆಸರು ಓದಿದರೆ ಅಂಗಡಿ ಉಳಿಯುತ್ತಿತ್ತು. ಸಂಜೆ ಅಮ್ಮನಿಗೆ ಹೇಳಿದಾಗ ಅಮ್ಮ ಒಂದೇ ಮಾತು ಕೇಳಿದರು.

"ನಿಮ್ಮ ಹೆಸರು ಕೇಳಿದರಾ?"

"ಕೇಳ್ತಾರೆ. ಈಗಲೇ ಎಂತ ಅವಸರ?"

"ಹೆಸರು ಕೇಳದೆ ಹೆಸರು ಹಾಕಿಸುದು ಹೇಗೆ ಮಾರಾಯ್ರೇ? ನನಗೆ ಗೊತ್ತಾಗ್ಲಿಲ್ಲ, ಅಷ್ಟೇ."

ಅಂದಿನಿಂದ ನನ್ನ ರಜೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕಳೆಯಿತು. ಅಪ್ಪ ಮುಂದೆ, ನಾನು ಹಿಂದೆ. ಮಟ್ಟಾಂಚೇರಿಯ ಗುಜರಿ ಅಂಗಡಿಗಳು, ದೋಣಿ ರಿಪೇರಿ ಮಾಡುವ ಜಾಗಗಳು, ಮುಚ್ಚಿಹೋದ ಒಂದು ಟಾಕೀಸಿನ ಹಿತ್ತಲು. ಬಿಸಿಲಿಗೆ ಒಣಗಿಸಿದ ಶುಂಠಿಯ ವಾಸನೆ ಮೂಗಿಗೆ ಹತ್ತಿ ಸೀನು ಬರುತ್ತಿತ್ತು. ದಣಿದಲ್ಲಿ ಉಪ್ಪು ಹಾಕಿದ ನಿಂಬೆ ಶರಬತ್ತು, ಎಣ್ಣೆ ಸೋರುವ ಪಳಂಪೊರಿ. ನಮ್ಮ ಬಾಳೆಹಣ್ಣಿನ ಪೋಡಿಯನ್ನು, ಎಂದರೆ ಬಜ್ಜಿಯನ್ನು, ಅಲ್ಲಿ ಹಾಗೆನ್ನುವುದು. ಪೆಟ್ಟಿಗೆ ಕಂಡರೆ ಅಪ್ಪ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಸರಿ ಇದ್ದದ್ದು ಮಡಕೆಯ ಹಾಗೆ ಉತ್ತರ ಕೊಡುತ್ತದೆ, ಬಿರುಕು ಬಿಟ್ಟದ್ದು ಮೊಂಡಾಗಿ ಗೊಣಗುತ್ತದೆ. ಎರಡು ವಾರದಲ್ಲಿ ನನ್ನ ಕಿವಿಯೂ ಕಲಿಯಿತು. ಸಿಕ್ಕಿದ್ದೆಲ್ಲ ಗೊಣಗುವಂಥದ್ದೇ. ಒಂದರಲ್ಲಿ ಯಾರೋ ಸಿಮೆಂಟು ಕಲಸಿಟ್ಟಿದ್ದರು. ಇನ್ನೊಂದರಲ್ಲಿ ಬೆಕ್ಕು ಮರಿ ಹಾಕಿತ್ತು.

ಕೊನೆಗೆ ಕಂಡದ್ದು ನಾನೇ. ಫೋರ್ಟ್ ಕೊಚ್ಚಿಯ ಒಂದು ಗಲ್ಲಿಯಲ್ಲಿ, ಒಂದು ಮನೆಯ ಕಟ್ಟೆಯ ಮೇಲೆ ಕಪ್ಪು ಪೆಟ್ಟಿಗೆ, ಅದರೊಳಗೆ ಮೂರು ಕೋಣೆ. ಒಂದರಲ್ಲಿ ದೊಡ್ಡಪತ್ರೆ, ಒಂದರಲ್ಲಿ ಮೆಣಸಿನ ಗಿಡ, ಒಂದರಲ್ಲಿ ಪುದಿನ. "ಅಪ್ಪಾ, ಸೈಕಲ್ ನಿಲ್ಲಿಸಿ, ಮೂರು ಸೆಲ್ಲು," ಎಂದೆ. ಅಪ್ಪ ಎಷ್ಟು ಜೋರಾಗಿ ಬ್ರೇಕ್ ಹಾಕಿದರೆಂದರೆ ನನ್ನ ಮೂಗು ಅವರ ಬೆನ್ನಿಗೆ ಬಡಿಯಿತು.

ಮನೆಯವರು ಏಲಿಯಮ್ಮ ಎಂಬ ಅಜ್ಜಿ. ಅವರ ಗಂಡ ಬಸ್ಸಿನ ಡ್ರೈವರ್ ಆಗಿದ್ದರಂತೆ. ಬಸ್ಸಿನ ಕಂಪೆನಿ ಮುಚ್ಚಿದ ದಿನ ಮನೆಗೆ ತಂದದ್ದು ಅದೊಂದೇ. ಅಪ್ಪ ಕೇಳಿದ್ದಕ್ಕೆ ಅವರು ಸೊಂಟದ ಮೇಲೆ ಕೈಯಿಟ್ಟು, "ಗಿಡ ಬೇರೆ ಕಡೆ ನೆಟ್ಟುಕೊಡು. ಒಂದು ಗಿಡ ಸತ್ತರೂ ನನ್ನ ಪೆಟ್ಟಿಗೆ ವಾಪಸ್," ಎಂದರು. ಅಪ್ಪ ಮರುದಿನ ಮೂರು ಮಣ್ಣಿನ ಕುಂಡ ಹೊತ್ತುಕೊಂಡು ಹೋಗಿ, ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ ಬೇರು ಬಿಡಿಸಿ ನೆಟ್ಟರು. ಮಣ್ಣು ತೆಗೆದು ಪೆಟ್ಟಿಗೆಯನ್ನು ತಟ್ಟಿದರು. ಅದು ಮಡಕೆಯ ಹಾಗೆ ಉತ್ತರ ಕೊಟ್ಟಿತು. ಮನೆಗೆ ತಂದು ನೀರು ತುಂಬಿಸಿ ಪೇಪರಿನ ಮೇಲೆ ಎರಡು ದಿನ ಇಟ್ಟೆವು. ನಾನು ಗಂಟೆಗೊಮ್ಮೆ ಪೇಪರು ಮುಟ್ಟಿ ನೋಡುತ್ತಿದ್ದೆ. ಒಣಗಿಯೇ ಇತ್ತು.

ಆಮೇಲೆ ಕೆಲಸ. ಪ್ಲೇಟುಗಳ ನಡುವೆ ಅಪ್ಪ ಈಗಿನ ಪ್ಲಾಸ್ಟಿಕ್ ಹಾಳೆ ಹಾಕಲಿಲ್ಲ, ಆಗಿನ ಹಾಗೆ ತೆಳ್ಳಗಿನ ಮರದ ಹಾಳೆ ಕೂಡಿಸಿದರು.

"ಒಳಗಿನದ್ದು ಯಾರು ನೋಡ್ತಾರೆ?" ಎಂದರು ಅಮ್ಮ.

"ಬ್ಯಾಟರಿಗೆ ಗೊತ್ತಾಗ್ತದೆ," ಎಂದರು ಅಪ್ಪ.

ಸೀಸದ ಪಟ್ಟಿಗಳನ್ನು ಮರಳಿನ ಅಚ್ಚಿನಲ್ಲಿ ಹೊಯ್ದು ಅರ ಹಾಕಿ ಸಮ ಮಾಡಿದರು. ಟಾರು ಬಿರಿಯಬಾರದೆಂದು ಅದಕ್ಕೆ ಒಂದು ಸೌಟು ಹಳೆ ಎಂಜಿನ್ ಎಣ್ಣೆ. ನಮ್ಮ ಹಳೆಯ ಚಾದ ಕೆಟಲಿನಿಂದ ಅದನ್ನು ಎಳೆ ಕಡಿಯದ ಹಾಗೆ ಸುತ್ತ ಹೊಯ್ದರು. ಮೇಲಿನಿಂದ ಬ್ಲೋ ಲ್ಯಾಂಪಿನ ಉರಿ ಸವರಿದಾಗ ಟಾರು ಕನ್ನಡಿಯಾಯಿತು. ಬಗ್ಗಿ ನೋಡಿದೆ, ನನ್ನ ಮುಖ ಕಂಡಿತು, ಹಿಂದೆ ಅಪ್ಪನದ್ದು.

ಆ ಕಾಲದ ಬ್ಯಾಟರಿಯವರಿಗೆ ಒಂದು ಪದ್ಧತಿ ಇತ್ತು. ಮಾಡಿದವನೇ ಹೋಗಿ ಗಾಡಿಗೆ ಜೋಡಿಸಬೇಕು, ಎಂಜಿನ್ ಸ್ಟಾರ್ಟ್ ಆಗುವ ತನಕ ಅಲ್ಲಿಂದ ಕದಲಬಾರದು. ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟರು, ನನಗೆ ತೂತಿಲ್ಲದ ಲಂಗ. ತ್ರಿಪ್ಪುಣಿತ್ತುರದ ಆ ಮನೆಯ ಅಂಗಳದಲ್ಲಿ ಕಾರು ನಿಂತಿತ್ತು, ಗಾಢ ಹಸಿರು. ಅಪ್ಪ ಬ್ಯಾಟರಿ ಇಟ್ಟು ವಯರು ಕಟ್ಟುತ್ತ ನನ್ನನ್ನು ಹತ್ತಿರ ಕರೆದರು.

"ನೋಡು ಮಗಾ, ಈ ಕಾರು ಉಲ್ಟಾ. ಈಗಿನ ಗಾಡಿಯಲ್ಲಿ ಮೈನಸ್ಸನ್ನು ಕಾರಿನ ಬಾಡಿಯ ಕಬ್ಬಿಣಕ್ಕೆ ಕಟ್ಟುದು. ಆಗಿನ ಇಂಗ್ಲೆಂಡಿನವರು ಪ್ಲಸ್ಸನ್ನು ಕಟ್ತಿದ್ದರು. ಈ ದಪ್ಪ ಗೂಟ ಪ್ಲಸ್. ಇದು ಬಾಡಿಯ ಕಬ್ಬಿಣಕ್ಕೆ."

"ತಪ್ಪಿ ಕಟ್ಟಿದರೆ?"

"ಸ್ಟಾರ್ಟ್ ಆಗ್ತದೆ. ಸ್ವಲ್ಪ ಹೊತ್ತಿಗೆ ಒಳಗಿನ ಕಟೌಟ್, ಅಂದರೆ ಚಾರ್ಜಿಂಗಿನ ಸ್ವಿಚ್ಚು, ಸುಟ್ಟು ಹೊಗೆ ಬರ್ತದೆ."

ಅಪ್ಪ ಹೇಳಿದ ಹಾಗೆ ಕಟ್ಟಿದರು, ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಅಷ್ಟರಲ್ಲಿ ಅತಿಥಿಗಳು ಬಂದರು, ಬಿಳಿ ಬಟ್ಟೆಯ ಏಳೆಂಟು ಗಂಡಸರು. ಎಲ್ಲರೂ ಬಾನೆಟ್ಟಿನೊಳಗೆ ಬಗ್ಗಿದರು. "ಇದು ಎಲ್ಲಿ ಸಿಕ್ಕಿತು?" ಎಂದು ಒಬ್ಬರು ಬ್ಯಾಟರಿ ತೋರಿಸಿ ಕೇಳಿದರು.

"ಇಂಗ್ಲೆಂಡಿನಿಂದ," ಎಂದರು ಮುದಲಾಳಿ. "ಭಾವಮೈದ ಹಡಗಿನಲ್ಲಿ ಕಳಿಸಿದ. ಇಲ್ಲಿ ಯಾರು ಮಾಡ್ತಾರೆ ಇಂಥದ್ದು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನಗುವಿಗೆ ತಯಾರಾಗಿ ನಿಂತಿದ್ದರು, ಆ ನಗು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ಉಳಿಯಿತು. ಅತಿಥಿ ಅಪ್ಪನ ಕಡೆ ತಿರುಗಿ, "ಇವರು?" ಎಂದರು.

"ಇವನಾ? ಆಸಿಡ್ ಹೊಯ್ಯಲಿಕ್ಕೆ ಬಂದವ."

ಆಮೇಲೆ ನಮ್ಮನ್ನು ಹಿಂಬದಿಗೆ ಕರೆದು, ತಿರುವನಂತಪುರಕ್ಕೆ ಬರುವುದು ಬೇಡ ಎಂದರು. ಲಾರಿಯಲ್ಲಿ ಸಾಗಿಸುವಾಗ ಬ್ಯಾಟರಿ ಬಿಚ್ಚುತ್ತಾರಂತೆ, ಅಲ್ಲಿ ಅವರ ಮೆಕ್ಯಾನಿಕ್ ಜೋಡಿಸುತ್ತಾನಂತೆ.

"ಸಾರ್, ಜೋಡಿಸುವಾಗ ಒಂದು ವಿಷಯ," ಎಂದರು ಅಪ್ಪ.

"ಅವನು ಡಿಪ್ಲೊಮಾ ಮಾಡಿದವ. ಅವನಿಗೆ ನೀನು ಕಲಿಸುದು ಬೇಡ."

ಮನೆಯ ತನಕ ಅಪ್ಪ ಸೈಕಲ್ ತುಳಿದರು. ನಾನು ಅವರ ಬೆನ್ನಿನ ಇಸ್ತ್ರಿ ಗೆರೆ ನೋಡುತ್ತ ಕೂತಿದ್ದೆ. ನನ್ನೊಳಗೆ ಒಂದು ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಸುದ್ದಿ ಕೇಳಿದ ಅಮ್ಮ ಅರೆಯುವ ಕಲ್ಲಿನ ಮೇಲೆ ಮೆಣಸನ್ನು ಮುದಲಾಳಿಯೆಂದೇ ತಿಳಿದು ಅರೆದರು.

"ಉಪ್ಪುನೀರು ಹೊಯ್ದು ಬರಬೇಕಿತ್ತು ಅದಕ್ಕೆ."

"ಬ್ಯಾಟರಿ ಎಂತ ತಪ್ಪು ಮಾಡಿದೆ?" ಎಂದರು ಅಪ್ಪ.

ನನಗೆ ಆ ದೊಡ್ಡತನ ಇರಲಿಲ್ಲ, ಈಗಲೂ ಇಲ್ಲ. ಅಂಗಳದಲ್ಲಿ ಇದ್ದಲಿನಿಂದ ಆ ಕಾರಿನ ಚಿತ್ರ ಬರೆದು, ಅದರ ಮೇಲೆ ದಿನಾ ಕುಂಟೆಬಿಲ್ಲೆ ಆಡಿದೆ. ಮುದಲಾಳಿ ಕೂರುವ ಸೀಟಿನ ಮನೆಗೆ ಬಂದಾಗ ಎರಡು ಕಾಲೂ ಊರಿ ಜೋರಾಗಿ ಕುಪ್ಪಳಿಸುತ್ತಿದ್ದೆ. ಆಟದ ನಿಯಮ ಹಾಗಿರಲಿಲ್ಲ. ನಿಯಮ ನನ್ನದು.

ಉಳ್ಳೂರಿನಲ್ಲಿ ಅಮ್ಮನ ತಮ್ಮ ಇದ್ದರು, ಒಂದು ಕೇಂದ್ರ ಸರಕಾರದ ಸಂಸ್ಥೆಯಲ್ಲಿ ಡ್ರೈವರ್. ಅಜ್ಜಿಯೂ ಅವರ ಜೊತೆಗೇ. ಪ್ರತಿ ರಜೆಯಲ್ಲಿ ನಾವು ಅಲ್ಲಿಗೆ ಹೋಗುವುದಿತ್ತು. ಈ ಸಲ ಅಮ್ಮ ಪ್ರದರ್ಶನದ ದಿನವೇ ನೋಡಿ ಹೊರಡಿಸಿದರು. ಅಪ್ಪ ಬೇಡ ಎಂದರು. "ನಮ್ಮ ಬ್ಯಾಟರಿ ನೋಡಲಿಕ್ಕೆ ನಮಗೆ ಯಾರ ಅಪ್ಪಣೆ ಬೇಕು?" ಎಂದರು ಅಮ್ಮ. ಬೆಳಗಿನ ರೈಲಿನಲ್ಲಿ ಹೋಗಿ, ಮಾಮನನ್ನು ಕರೆದುಕೊಂಡು, ನಾಲ್ವರೂ ಮೈದಾನದ ಹಗ್ಗದ ಹಿಂದೆ ನಿಂತೆವು.

ಹಳೆ ಕಾರುಗಳು ಸಾಲಾಗಿ ನಿಂತಿದ್ದವು. ಹಸಿರು ಕಾರಿನ ಮುಂದೆ ಬೋರ್ಡು, ಚೆಂದದ ಮಲಯಾಳಂ ಅಕ್ಷರ. ಅಪ್ಪನಿಗೆ ಮಲಯಾಳಂ ಮಾತು ಬರುತ್ತಿತ್ತು, ಓದು ಅಷ್ಟಕ್ಕಷ್ಟೆ. "ಓದು ಮಗಾ," ಎಂದರು. ನಾನು ಓದಿದೆ. ಬಣ್ಣದವನ ಹೆಸರು ಇತ್ತು. ಸೀಟಿನವನದ್ದು ಇತ್ತು. ಹಾರನ್ ರಿಪೇರಿ ಮಾಡಿದವನದ್ದೂ ಇತ್ತು. ಕೊನೆಯ ಸಾಲು, "ಬ್ಯಾಟರಿ: ಇಂಗ್ಲೆಂಡ್."

"ಇನ್ನೊಮ್ಮೆ ಓದು," ಎಂದರು ಅಪ್ಪ. ಇನ್ನೊಮ್ಮೆ ಓದಿದೆ. ಇಂಗ್ಲೆಂಡ್ ಇಂಗ್ಲೆಂಡೇ ಆಗಿತ್ತು.

ಆಗ ಮೆಕ್ಯಾನಿಕ್ ಬ್ಯಾಟರಿ ತಂದಿಟ್ಟ. ವಯರು ಕಟ್ಟಲು ಹೋದವನು ನಿಂತು, ಬಗ್ಗಿ ನೋಡಿ, ಪಕ್ಕದವನಿಗೆ, "ಪ್ಲಸ್ಸನ್ನು ಬಾಡಿಯ ಕಬ್ಬಿಣಕ್ಕೆ ಕಟ್ಟುವ ಹಾಗೆ ಇಟ್ಟಿದ್ದಾರೆ ನೋಡು, ಯಾವ ಮಂಡನ ಕೆಲಸವೋ," ಎಂದು ನಕ್ಕ. ಮಂಡನ್ ಎಂದರೆ ದಡ್ಡ. ಅವನು ಬ್ಯಾಟರಿಯನ್ನು ಎತ್ತಿ, ತಿರುಗಿಸಿ ಇಟ್ಟ. ಮೈನಸ್ಸಿನ ಸಣ್ಣ ಗೂಟಕ್ಕೆ ಬಾಡಿಯ ಕ್ಲಾಂಪು ಸಡಿಲವಾಯಿತು. ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಬಿಗಿ ಮಾಡತೊಡಗಿದ.

ಅಪ್ಪ ಹಗ್ಗಕ್ಕೆ ಒತ್ತಿ ಮುಂದೆ ಬಗ್ಗಿದರು. "ಉಲ್ಟಾ ಕಟ್ತಾ ಇದ್ದಾನೆ," ಎಂದರು. "ಸುಟ್ಟು ಹೋಗ್ತದೆ." ಅಮ್ಮ ನೆಟ್ಟಗೆ ಮುಂದೆ ನೋಡುತ್ತ, "ಹೋಗಲಿ," ಎಂದರು. ಆದರೆ ಅಪ್ಪನ ಕೈ ಆಗಲೇ ಹಗ್ಗದ ಮೇಲೆ ಇತ್ತು. ಹಗ್ಗ ಎತ್ತಿದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಆ ಮನುಷ್ಯನನ್ನು ಉಳಿಸಿಬಿಡುತ್ತಿದ್ದರು.

ನಾನು ಅವರ ಅಂಗಿಯ ತುದಿ ಹಿಡಿದೆ. "ಅಪ್ಪಾ, ಒಂದಕ್ಕೆ ಬಂತು."

"ಅಮ್ಮನ ಹತ್ತಿರ ಹೋಗು."

"ಅಮ್ಮ ಬೇಡ. ನೀವೇ ಬನ್ನಿ. ಈಗಲೇ. ಇಲ್ಲೇ ಆಗ್ತದೆ ನನಗೆ."

ಅಳು ಬರಿಸಿಕೊಂಡು, ಕಾಲು ಹೆಣೆದು ನಿಂತೆ. ಅಪ್ಪ ಕಾರು ನೋಡಿದರು, ನನ್ನನ್ನು ನೋಡಿದರು, ಹಗ್ಗ ಬಿಟ್ಟರು. ಮೈದಾನದ ಆಚೆ ತುದಿಯಲ್ಲಿ ಪಾಯಿಖಾನೆ ಇತ್ತು. ನಾನು ಚಿಲಕ ಹಾಕಿ, ಗೋಡೆಗೆ ಒರಗಿ, ಒಂದರಿಂದ ಇನ್ನೂರರ ತನಕ ಎಣಿಸಿದೆ. ಮಲಯಾಳಂನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಹೊರಗೆ ಅಪ್ಪ ಕೆಮ್ಮಿದರು. "ಆಯ್ತಾ?" ಎಂದರು. "ಇಲ್ಲ," ಎಂದೆ. ಆಮೇಲೆ ಅವರು ಮತ್ತೆ ಕೇಳಲಿಲ್ಲ.

ನಾವು ಹಿಂದೆ ಬರುವಾಗ ಎಂಜಿನ್ ಆಗಲೇ ಎದ್ದಿತ್ತು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಮುದಲಾಳಿ ತಲೆಗೆ ಹ್ಯಾಟು ಹಾಕಿ ಸ್ಟಿಯರಿಂಗ್ ಹಿಡಿದು ಜಡ್ಜುಗಳ ಪೆಂಡಾಲಿನ ಕಡೆ ಹೊರಟರು. ಮಾರು ದೂರ ಹೋಗಿರಬೇಕು, ಹತ್ತು ಮಾರೇ ಹೋಗಿರಬೇಕು, ಡ್ಯಾಶ್‌ಬೋರ್ಡಿನ ಅಡಿಯಿಂದ ಒಂದು ಎಳೆ ಹೊಗೆ ಎದ್ದಿತು. ಅಗರಬತ್ತಿಯ ಹಾಗೆ ಸಣ್ಣಗೆ. ಆಮೇಲೆ ಒಲೆಗೆ ಹಸಿ ಕಟ್ಟಿಗೆ ತುರುಕಿದ ಹಾಗೆ. ಮುದಲಾಳಿ ಹ್ಯಾಟು ಬಿಟ್ಟು ಜಿಗಿದರು. ಮೆಕ್ಯಾನಿಕ್ ಓಡಿ ವಯರು ಕಿತ್ತು ಬೆರಳು ಸುಟ್ಟುಕೊಂಡ. ಕಾರು ಜಡ್ಜುಗಳ ಮೂಗಿನ ಎದುರೇ ನಿಂತಿತು. ಆ ಮೆಕ್ಯಾನಿಕ್‌ನ ಬೆರಳಿನ ಬಗ್ಗೆ ನನಗೆ ಈಗ ಒಂಚೂರು ಬೇಸರ ಉಂಟು. ಬೇರೆ ಯಾವುದರ ಬಗ್ಗೆಯೂ ಇಲ್ಲ.

ಮುದಲಾಳಿಯ ಕಣ್ಣು ಜನರ ನಡುವೆ ಅಪ್ಪನ ಮೇಲೆ ಬಿತ್ತು. ಬೆರಳು ಮಡಿಚಿ ಕರೆದರು. "ಏಯ್ ಆಸಿಡ್, ಇಲ್ಲಿ ಬಾ. ಇದಕ್ಕೆ ಏನಾಗಿದೆ ನೋಡು."

ಅಪ್ಪ ಹಗ್ಗದ ಹತ್ತಿರ ಬಂದರು, ದಾಟಲಿಲ್ಲ. ಗಟ್ಟಿ ಸ್ವರದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇಂಗ್ಲೆಂಡಿನ ಬ್ಯಾಟರಿ ಸಾರ್. ನನಗೆ ಹೇಗೆ ಗೊತ್ತಾಗ್ತದೆ? ಅಲ್ಲಿಯವರನ್ನು ಕರೆಸಿ."

ಜಡ್ಜುಗಳಲ್ಲಿ ಒಬ್ಬರು ತುಂಬ ಮುದುಕರು ಇದ್ದರು. ಅವರು ಬ್ಯಾಟರಿಯ ಮೇಲೆ ಬಗ್ಗಿ, ಟಾರನ್ನು ಉಗುರಿನಿಂದ ಒತ್ತಿ, ಉಗುರು ಮೂಸಿದರು. "ಈ ಟಾರು ಹೊಯ್ದು ತಿಂಗಳೂ ಆಗಿಲ್ಲ," ಎಂದರು ಮುದಲಾಳಿಗೆ. "ಇದನ್ನು ಹೀಗೆ ಹೊಯ್ಯುವವರು ಇಂಗ್ಲೆಂಡಿನಲ್ಲಿ ಈಗ ಯಾರೂ ಇಲ್ಲ. ಇದು ಯಾರ ಕೈ?"

ಮುದಲಾಳಿ ಕರ್ಚೀಫಿನಿಂದ ಕತ್ತು ಒರೆಸಿದರು. ಸುಳ್ಳು ಹೇಳಲು ಬಾಯಿ ತೆರೆದರು, ಮುದುಕರ ಉಗುರು ನೋಡಿ ಮುಚ್ಚಿದರು. ಕೊನೆಗೆ ಅಪ್ಪನ ಕಡೆ ಗದ್ದ ಎತ್ತಿ, "ಇವರು," ಎಂದರು. 'ಇವ' ಅಲ್ಲ, 'ಇವರು'. ಅಮ್ಮ ನನ್ನ ಭುಜ ಹಿಸುಕಿದರು.

"ಹೆಸರು?" ಎಂದರು ಜಡ್ಜು, ಪೆನ್ನು ತೆಗೆದು.

ಮುದಲಾಳಿಗೆ ಗೊತ್ತಿರಲಿಲ್ಲ. ಎರಡು ತಿಂಗಳಿನಲ್ಲಿ ಒಮ್ಮೆಯೂ ಕೇಳಿರಲಿಲ್ಲವಲ್ಲ. ಅಷ್ಟು ಜನರ ಎದುರು ಹಗ್ಗದ ತನಕ ನಡೆದು ಬಂದು, ಅಪ್ಪನ ಮುಂದೆ ನಿಂತು ಕೇಳಬೇಕಾಯಿತು. "ನಿಮ್ಮ ಹೆಸರೇನು?"

ಅಪ್ಪ ಕಿವಿಯ ಹಿಂದೆ ಕೈ ಇಟ್ಟು, "ಆಂ?" ಎಂದರು. ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ.

"ನಿಮ್ಮ ಹೆಸರು," ಎಂದರು ಮುದಲಾಳಿ, ಇನ್ನೂ ಜೋರಾಗಿ.

"ನಾರಾಯಣ. ಊರು ಕುಂಬಳೆ. ಅಂಗಡಿ ಪಾಲಾರಿವಟ್ಟದಲ್ಲಿ." ಮತ್ತೆ ಜಡ್ಜಿಗೆ, "ಬ್ಯಾಟರಿಗೆ ಏನೂ ಆಗ್ಲಿಲ್ಲ ಸಾರ್. ತಿರುಗಿಸಿ ಕಟ್ಟಿದ್ದಾರೆ. ಕಟೌಟ್ ಹೋಗಿದೆ. ಕಾರು ಇವತ್ತು ಓಡುದಿಲ್ಲ."

ಮುದುಕರು ಬರೆದುಕೊಂಡರು. ನಾಲ್ಕು ಜನ ಸೇರಿ ಕಾರನ್ನು ಲಾರಿಯ ತನಕ ನೂಕಿದರು. ನಾನು ಹಗ್ಗದ ಈಚೆಯಿಂದ ಅವರ ಜೊತೆಗೇ ನಡೆದೆ, ಮುದಲಾಳಿಗೆ ಕಾಣುವ ಹಾಗೆ, ಹಲ್ಲೆಲ್ಲ ತೋರಿಸಿಕೊಂಡು. ಒಮ್ಮೆ ಅವರು ನೋಡಿದರು. ನಾನು ಬೇಕೆಂದೇ ಇನ್ನೊಂಚೂರು ನಕ್ಕೆ.

ಆ ವರ್ಷ ಮುಗಿಯುವ ಮೊದಲೇ ಕೊಯಮತ್ತೂರಿನಿಂದ ಒಬ್ಬರು ಬಂದರು, ಆಮೇಲೆ ಮೈಸೂರಿನಿಂದ ಒಬ್ಬರು. ನಾಲ್ಕೈದು ವರ್ಷ ಅಪ್ಪ ಅದೇ ಕೆಲಸ ಮಾಡಿದರು. ಆಮೇಲೆ ಖಾಲಿ ಪೆಟ್ಟಿಗೆ ಸಿಗುವುದು ನಿಂತಿತು, ಎಲ್ಲ ಗೊಣಗುವಂಥದ್ದೇ. ಈಗ ಆ ಅಂಗಡಿ ಇಲ್ಲ, ಅದರ ತಲೆಯ ಮೇಲೆ ಮೆಟ್ರೋ ಹೋಗುತ್ತದೆ. ಅಪ್ಪ ಹೋಗಿ ಆರು ವರ್ಷ ಆಯಿತು, ಅಮ್ಮ ಅವರ ಹಿಂದೆಯೇ. ಪೆಟ್ಟಿಗೆ ತಟ್ಟಿ ಹೇಳುವ ಕಿವಿ ನನ್ನದೊಂದು ಉಳಿದಿದೆ, ತಟ್ಟಲಿಕ್ಕೆ ಪೆಟ್ಟಿಗೆ ಇಲ್ಲ. ಉಳ್ಳೂರಿನಲ್ಲಿ ಮಾಮ ಇದ್ದ ಕ್ವಾರ್ಟರ್ಸ್ ಕೆಡವಿ ಏಳು ಮಹಡಿ ಕಟ್ಟಿದ್ದಾರೆ. ಅಜ್ಜಿಯ ಹಾಗೆ ಕನ್ನಡ ಕಲಿಸುವವರು ಇಲ್ಲಿ ನನ್ನ ಮೊಮ್ಮಗಳಿಗೆ ನಾನೊಬ್ಬಳೇ, ನೋಡಿದಿರಲ್ಲ ನನ್ನ ಕನ್ನಡ. ಹತ್ತು ಬೆರಳೂ ಆಸಿಡ್ಡಿಗೆ ಬಿಳಿಚಿದ ಆ ಕೈಗಳಿಗೆ ಇವಳನ್ನು ಕೊಡಬೇಕಿತ್ತು ಎಂದು ಮೂರು ದಿನದಿಂದ ಅನಿಸುತ್ತಿದೆ.

ಆ ಸಂಜೆ ಎಲ್ಲರೂ ಇದ್ದರು. ಮಾಮನ ಮನೆಯ ನೆಲದ ಮೇಲೆ ಪೇಪರು ಹಾಸಿ ಸುತ್ತ ಕೂತಿದ್ದೆವು, ಅಪ್ಪ, ಅಮ್ಮ, ಅಜ್ಜಿ, ಮಾಮ, ಮಾಮನ ಇಬ್ಬರು ಮಕ್ಕಳು, ನಾನು. ಮಾಮನ ಹೆಂಡತಿ ಲತತ್ತೆ ಆ ಊರಿನವರೇ. ಬೇಯಿಸಿದ ಮರಗೆಣಸನ್ನು ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕಿ, ಕುಡಂಪುಳಿ ಎಂಬ ಹುಳಿ ಹಾಕಿದ ಕೆಂಪು ಮೀನು ಸಾರು ಹೊಯ್ದರು. ಮಾಮ ಅಪ್ಪನಿಂದ ಒಂದೇ ಮಾತನ್ನು ಮೂರು ಸಲ ಹೇಳಿಸಿದರು.

"ಭಾವಾ, ಇನ್ನೊಮ್ಮೆ, ಎಂತ ಹೇಳಿದ್ದು?"

"ಇಂಗ್ಲೆಂಡಿನವರನ್ನು ಕರೆಸಿ ಅಂತ."

ಅಜ್ಜಿ ನಕ್ಕು ನಕ್ಕು ನೆತ್ತಿಗೆ ಹತ್ತಿ, ಲತತ್ತೆ ಅವರ ಬೆನ್ನು ತಟ್ಟಬೇಕಾಯಿತು. ನಗು ಇಳಿದ ಮೇಲೆ ಅಪ್ಪ ಮುಳ್ಳು ಬಿಡಿಸುತ್ತ, ತಟ್ಟೆಯಿಂದ ತಲೆ ಎತ್ತದೆ ಹೇಳಿದರು.

"ಮಗಾ, ಅಷ್ಟು ಹೊತ್ತು ನಾನು ಪಾಯಿಖಾನೆಯ ಬಾಗಿಲ ಹೊರಗೆ ನಿಂತಿದ್ದೆ. ಒಂದು ಹನಿ ಬಿದ್ದ ಶಬ್ದ ಕೇಳಲಿಲ್ಲ."

ನನ್ನ ಬಾಯಿಯ ತುತ್ತು ಅಲ್ಲೇ ನಿಂತಿತು. ಅಮ್ಮ ನನ್ನನ್ನು ನೋಡಿದರು, ಆಮೇಲೆ ಅಪ್ಪನನ್ನು.

"ಗೊತ್ತಿದ್ದೂ ಅಲ್ಲೇ ನಿಂತದ್ದು ಯಾಕೆ? ಓಡಿ ಹೋಗಿ ಹೇಳಬಹುದಿತ್ತಲ್ಲ?"

"ಮಗುವನ್ನು ಒಬ್ಬಳನ್ನೇ ಬಿಟ್ಟು ಹೋಗುದು ಹೇಗೆ?" ಎಂದರು ಅಪ್ಪ. ಮುಳ್ಳು ತೆಗೆದ ದೊಡ್ಡ ಹೋಳನ್ನು ನನ್ನ ತಟ್ಟೆಗೆ ಹಾಕಿ, ಬೆರಳು ನೆಕ್ಕಿ, ಲತತ್ತೆಗೆ ಇನ್ನೊಂದಿಷ್ಟು ಮರಗೆಣಸು ಬಡಿಸಲು ಹೇಳಿದರು. ಪಾತ್ರೆಯ ತಳ ಕಾಣುವ ತನಕ ನಾವೆಲ್ಲ ತಿಂದೆವು.